ಮುಟ್ಟು ನಿಂತು ಎಷ್ಟು ವರ್ಷ ಆಯ್ತು?

ನಮ್ಮ ಚಿಕ್ಕವ್ವ ಇರುವುದು ಚಿತ್ತಾಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಆ ಕಡೆ ಮನೆಯ ನೆಲ, ಕಟ್ಟೆ, ಅಂಗಳ, ಬಚ್ಚಲು ಎಲ್ಲಕ್ಕೂ ಶಹಾಬಾದ್ ಫರ್ಸಿಯೇ. ಎರಡು ವರ್ಷದ ಹಿಂದೆ ಬಚ್ಚಲಿನ ಒದ್ದೆ ಫರ್ಸಿಯ ಮೇಲೆ ಕಾಲು ಜಾರಿತು. ಬೀಳುವಾಗ ಕೈ ಊರಿದಳು, ಬಲಗೈ ಮಣಿಕಟ್ಟು ಮುರಿಯಿತು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು, ಪ್ಲಾಸ್ಟರ್ ಹಾಕಿದರು, ಆರು ವಾರಕ್ಕೆ ಬಿಚ್ಚಿದರು. ಎಲುಬು ಕೂಡಿತು ಅಂತ ಎಲ್ಲರಿಗೂ ಸಮಾಧಾನ. ಆಗ ಅವಳಿಗೆ 52 ವರ್ಷ.

ಅಷ್ಟು ಸಣ್ಣ ಪೆಟ್ಟಿಗೆ ಎಲುಬು ಯಾಕೆ ಮುರಿಯಿತು ಎಂದು ಮಾತ್ರ ಯಾರೂ ಕೇಳಲಿಲ್ಲ. ನಾನು ಕೇಳಿದಾಗ ಚಿಕ್ಕವ್ವ, "ಜಾರಿ ಬಿದ್ದೆ, ಮುರೀತು. ಅದರಾಗ ಕೇಳೋದೇನದ?" ಅಂದಳು.

ಕೇಳುವುದು ಬಹಳ ಇದೆ. ನಿಂತಲ್ಲೇ ಬಿದ್ದರೆ ಗಟ್ಟಿ ಎಲುಬು ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. 50 ದಾಟಿದ ಹೆಂಗಸಿಗೆ ಅಷ್ಟಕ್ಕೇ ಮುರಿಯಿತು ಅಂದರೆ ಎಲುಬು ಒಳಗೊಳಗೇ ಟೊಳ್ಳಾಗಿರಬಹುದು. ಇದಕ್ಕೆ ಆಸ್ಟಿಯೋಪೊರೋಸಿಸ್ ಎನ್ನುತ್ತಾರೆ. ನೋವಿಲ್ಲ, ಬಾವಿಲ್ಲ, ಜ್ವರವಿಲ್ಲ. ಬಹಳ ಮಂದಿಗೆ ಮೊದಲ ಸುಳಿವು ಸಿಗುವುದೇ ಎಲುಬು ಮುರಿದಾಗ.

ಎಲುಬು ಅಂದರೆ ಒಮ್ಮೆ ಕಟ್ಟಿ ಬಿಟ್ಟ ಕಂಬ ಅಂದುಕೊಂಡಿರುತ್ತೇವೆ. ಆದರೆ ಅದು ನಮ್ಮ ಕಡೆಯ ಮಣ್ಣಿನ ಮಾಳಿಗೆಯ ಹಾಗೆ. ಮಳೆಗಾಲಕ್ಕೆ ಮೊದಲು ಹಳೆ ಮಣ್ಣು ಕೆರೆದು ಹೊಸ ಮಣ್ಣು ಹಾಕಿ ಬಡಿಯುತ್ತಿದ್ದರಲ್ಲ, ಹಾಗೆಯೇ ಎಲುಬಿನೊಳಗೂ ಎರಡು ಬಗೆಯ ಜೀವಕೋಶಗಳ ಕೆಲಸ ನಡೆದೇ ಇರುತ್ತದೆ. ಒಂದು ಬಗೆಯವು ಹಳೆ ಎಲುಬನ್ನು ಕೆರೆದು ತೆಗೆಯುತ್ತವೆ, ಇನ್ನೊಂದು ಬಗೆಯವು ಆ ಜಾಗ ತುಂಬುತ್ತವೆ. ಹೀಗೆ ಸುಮಾರು ಹತ್ತು ವರ್ಷದಲ್ಲಿ ಅಸ್ಥಿಪಂಜರದ ಬಹುಪಾಲು ಹೊಸದಾಗುತ್ತದೆ. ಆದರೆ ಕೆರೆಯುವುದು ಕೆಲವೇ ವಾರದ ಕೆಲಸ, ತುಂಬುವುದಕ್ಕೆ ತಿಂಗಳುಗಟ್ಟಲೆ ಬೇಕು. ಕೆರೆತ ಜೋರಾದರೆ ತುಂಬುವವಕ್ಕೆ ಆ ವೇಗ ಹಿಡಿಯಲು ಆಗುವುದೇ ಇಲ್ಲ.

ಕೆರೆಯುವ ಕೋಶಗಳನ್ನು ಹದ್ದಿನಲ್ಲಿ ಇಡುವುದು ಈಸ್ಟ್ರೋಜನ್ ಹಾರ್ಮೋನು. ಅದು ಮುಖ್ಯವಾಗಿ ಅಂಡಾಶಯದಿಂದ ಬರುತ್ತದೆ. ಮುಟ್ಟು ನಿಂತಾಗ ಅದು ಇಳಿದುಹೋಗುತ್ತದೆ, ಹಿಡಿತ ತಪ್ಪುತ್ತದೆ. ಮುಂದಿನ ಐದರಿಂದ ಏಳು ವರ್ಷಗಳಲ್ಲಿ ಕೆಲವರ ಎಲುಬಿನ ಸಾಂದ್ರತೆ ಶೇ. 20ರವರೆಗೂ ಕಡಿಮೆಯಾಗಬಹುದು. ಅಮೆರಿಕದ ವೈದ್ಯ ಫುಲ್ಲರ್ ಆಲ್‌ಬ್ರೈಟ್ 1940ರ ಸುಮಾರಿಗೇ ಈ ನಂಟನ್ನು ಗುರುತಿಸಿದ್ದರು. ಎಂಬತ್ತಕ್ಕೂ ಹೆಚ್ಚು ವರ್ಷ ಹಳೆಯ ತಿಳಿವಳಿಕೆ ಇದು. ನಮ್ಮ ಹಳ್ಳಿಗಳಿಗೆ ಇನ್ನೂ ಸರಿಯಾಗಿ ಬಂದಿಲ್ಲ ಅನ್ನುವುದೇ ನನ್ನ ಸಂಕಟ.

ಯಾಕೆಂದರೆ ನಮ್ಮ ಕಡೆ ಈ ಲೆಕ್ಕ ಬೇಗ ಶುರುವಾಗುತ್ತದೆ. ಪಶ್ಚಿಮದ ದೇಶಗಳಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 51ರ ಆಸುಪಾಸು. ಭಾರತದಲ್ಲಿ 46–47. ಅದರ ಮೇಲೆ ಗರ್ಭಚೀಲ ತೆಗೆಸಿದವರ ಕಥೆ ಬೇರೆ. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ, ದಲಿತರ ಕೇರಿಗಳಲ್ಲಿ ಎಷ್ಟೋ ಹೆಣ್ಣುಮಕ್ಕಳಿಗೆ ಅಗತ್ಯವಿಲ್ಲದೆಯೂ ಗರ್ಭಚೀಲ ತೆಗೆದದ್ದು ಸುಮಾರು ಹತ್ತು ವರ್ಷದ ಹಿಂದೆ ಬಯಲಿಗೆ ಬಂತು. ಹೆಂಗಸರು ಧರಣಿ ಕೂತರು, ಸರ್ಕಾರದ ತನಿಖೆಯೂ ಆಯಿತು. ಅವರಲ್ಲಿ ಮೂವತ್ತು ವರ್ಷದ ಆಸುಪಾಸಿನವರೂ ಇದ್ದರು. ಆ ಅನ್ಯಾಯದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಅವರ ಎಲುಬಿನ ಗತಿ ಏನು ಅನ್ನುವ ಮಾತು ನಾನು ಎಲ್ಲೂ ಓದಲಿಲ್ಲ.

ಗರ್ಭಚೀಲದ ಜೊತೆ ಎರಡೂ ಅಂಡಾಶಯ ತೆಗೆದರೆ ಈಸ್ಟ್ರೋಜನ್ ಕೆಲವೇ ದಿನದಲ್ಲಿ ಕುಸಿಯುತ್ತದೆ. ಅಂಡಾಶಯ ಉಳಿಸಿದ್ದರೂ ಅವು ಕೆಲವು ವರ್ಷ ಮೊದಲೇ ಕೆಲಸ ನಿಲ್ಲಿಸುವ ಸಂಭವ ಜಾಸ್ತಿ. ಇಂಥವರಿಗೆ, ಬೇರೆ ತೊಂದರೆ ಇಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಹಾರ್ಮೋನು ಕೊಡುವುದುಂಟು. ಚಿಕ್ಕವ್ವನಿಗೆ 31ನೇ ವಯಸ್ಸಿನಲ್ಲಿ ಒಂದು ಖಾಸಗಿ ಆಸ್ಪತ್ರೆಯಲ್ಲಿ ಗರ್ಭಚೀಲ ತೆಗೆದಿದ್ದರು. ಅಂಡಾಶಯ ಉಳಿಸಿದ್ದಾರೋ ಇಲ್ಲವೋ ಹೇಳುವ ಒಂದು ಚೀಟಿಯೂ ಅವಳ ಹತ್ತಿರ ಇಲ್ಲ. ಅಂಡಾಶಯವನ್ನೂ ಆಗಲೇ ತೆಗೆದಿದ್ದರೆ, ಬಚ್ಚಲಲ್ಲಿ ಬಿದ್ದ ದಿನ ಅವಳ ಎಲುಬು, ಮುಟ್ಟು ನಿಂತು 21 ವರ್ಷವಾದ 67–68 ವರ್ಷದ ಅಜ್ಜಿಯ ಎಲುಬಿಗೆ ಹತ್ತಿರ ಇತ್ತೇನೋ. ಆದ್ದರಿಂದ ನಮ್ಮ ಕಡೆ ಡಾಕ್ಟರು ವಯಸ್ಸು ಎಷ್ಟು ಅಂತ ಕೇಳಿ ಬಿಡಬಾರದು. ಮುಟ್ಟು ನಿಂತು ಎಷ್ಟು ವರ್ಷ ಆಯ್ತು, ಗರ್ಭಚೀಲ ತೆಗೆಸಿದ್ದೀಯಾ ಅಂತಲೂ ಕೇಳಬೇಕು.

ಮಣಿಕಟ್ಟು ಮುರಿಯುವುದು ಮೊದಲ ಎಚ್ಚರಿಕೆ. ಒಮ್ಮೆ ಮುರಿದವರಿಗೆ ಮತ್ತೆ ಮುರಿಯುವ ಅಪಾಯ ಸುಮಾರು ಎರಡು ಪಟ್ಟು. ಮುಂದಿನ ಸರದಿ ಬೆನ್ನೆಲುಬಿನದು. ಅದು ಮುರಿದದ್ದು ಗೊತ್ತೇ ಆಗದೆ ಇರಬಹುದು. ಕೊಡ ಎತ್ತಿದಾಗ, ಬಗ್ಗಿದಾಗ ಮಣಿಯೊಂದು ಕುಸಿಯುತ್ತದೆ. ನಡ ನೋವು ಅಂತ ಎಣ್ಣೆ ತಿಕ್ಕಿಕೊಂಡು ಸುಮ್ಮನಾಗುತ್ತಾರೆ. ಮೊದಲು ಕೈಗೆ ಸಿಗುತ್ತಿದ್ದ ಗೋಡೆಯ ಮಾಡ ಈಗ ಎಟಕುವುದಿಲ್ಲ, ಬೆನ್ನು ಬಾಗಿದೆ ಅಂದರೆ ವಯಸ್ಸಾಯ್ತು ಅಂತ ಬಿಡಬೇಡಿ. ಹರೆಯದ ಎತ್ತರಕ್ಕಿಂತ 4 ಸೆಂ.ಮೀ. ಕಡಿಮೆಯಾಗಿದ್ದರೆ ಬೆನ್ನಿನ ಎಕ್ಸ್‌ರೇ ಮಾಡಿಸುವುದು ಒಳ್ಳೆಯದು. ಎಲ್ಲಕ್ಕಿಂತ ಕೆಟ್ಟದ್ದು ಸೊಂಟದ ಹತ್ತಿರ ತೊಡೆ ಎಲುಬಿನ ಮುರಿತ. ಹಾಗೆ ಮುರಿದುಕೊಂಡ ಹಿರಿಯರಲ್ಲಿ ಐದರಲ್ಲಿ ಒಬ್ಬರು ಒಂದು ವರ್ಷದೊಳಗೆ ತೀರಿಹೋಗುತ್ತಾರೆ. ಉಳಿದವರಲ್ಲಿ ಬಹಳ ಮಂದಿ ಮೊದಲಿನ ಹಾಗೆ ನಡೆಯುವುದಿಲ್ಲ.

ಇನ್ನು ಊಟ. ದಕ್ಷಿಣದವರು ತಿನ್ನುವ ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದೆ. ನಮ್ಮ ಜೋಳದಲ್ಲಿ 30ಕ್ಕೂ ಕಡಿಮೆ. ಮುಟ್ಟು ನಿಂತ ಹೆಂಗಸಿಗೆ ದಿನಕ್ಕೆ 1,200 ಮಿ.ಗ್ರಾಂ ಬೇಕು ಅನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ. ದಿನಕ್ಕೆ ನಾಲ್ಕು ರೊಟ್ಟಿ ತಿಂದರೂ ನೂರು ಮಿ.ಗ್ರಾಂ ಸಿಗುವುದಿಲ್ಲ. ಜೋಳ ಬಿಡಿ ಅಂತ ನಾನು ಹೇಳುತ್ತಿಲ್ಲ. ರೊಟ್ಟಿಯ ಜೊತೆಗೆ ಏನಿದೆ ಅನ್ನುವುದು ಮುಖ್ಯ. ಮೊಸರು, ಮಜ್ಜಿಗೆ, ರಾಜಗಿರಿ ಸೊಪ್ಪು, ನುಗ್ಗೆ ಸೊಪ್ಪು, ಎಳ್ಳು. ಸಂಕ್ರಾಂತಿಗೆ ಸಜ್ಜಿ ರೊಟ್ಟಿಗೆ ಎಳ್ಳು ಹಚ್ಚುತ್ತೇವಲ್ಲ, ಆ ಎಳ್ಳಿನಲ್ಲಿ 100 ಗ್ರಾಂಗೆ 1,000 ಮಿ.ಗ್ರಾಂಗಿಂತ ಜಾಸ್ತಿ ಇದೆ. ಅದೆಲ್ಲ ಮೈಗೆ ಹತ್ತುವುದಿಲ್ಲ ನಿಜ, ಆದರೂ ಎಳ್ಳು ಹಬ್ಬಕ್ಕಷ್ಟೇ ಉಳಿಯಬೇಕಿಲ್ಲ. ಬೇಸರದ ಸಂಗತಿ ಅಂದರೆ ಮನೆಯಲ್ಲಿ ಹಾಲು ಇದ್ದರೂ ಅದು ಮಕ್ಕಳಿಗೆ, ಗಂಡಸರಿಗೆ, ಡೇರಿಗೆ ಹೋಗುತ್ತದೆ. ಅವ್ವನ ಪಾಲಿಗೆ ಚಹಾದೊಳಗಿನ ಎರಡು ಚಮಚ.

ಕ್ಯಾಲ್ಸಿಯಂ ಮೈಗೆ ಹತ್ತಲು ವಿಟಮಿನ್ ಡಿ ಬೇಕು. ಬಿಸಿಲಿಗೆ ಹೆಸರಾದ ಊರು ನಮ್ಮದು, ಆದರೂ ಅದರ ಕೊರತೆ ಸಾಮಾನ್ಯ. ಸೆರಗು, ಬುರ್ಖಾ, ಮನೆಯೊಳಗಿನ ಕೆಲಸ, ಸುಡುವ ಬೇಸಿಗೆ, ಇವೆಲ್ಲದರಿಂದ ಚರ್ಮಕ್ಕೆ ಬಿಸಿಲು ತಾಗುವುದೇ ಕಡಿಮೆ. ಬಿಸಿಲನ್ನೊಂದೇ ನೆಚ್ಚಿ ಕೂರುವುದಕ್ಕಿಂತ ರಕ್ತ ಪರೀಕ್ಷೆ ಮಾಡಿಸಿ, ಕಡಿಮೆ ಇದ್ದರೆ ಔಷಧಿ ತೆಗೆದುಕೊಳ್ಳುವುದು ವಾಸಿ. ಇನ್ನೊಂದು ಮಾತು: ಕೀಲು ನೋವಿಗೆ, ದಮ್ಮಿಗೆ ಅಂತ ಹೆಸರಿಲ್ಲದ ಪುಡಿ ಕೊಡುತ್ತಾರಲ್ಲ, ಅಂಥವುಗಳಲ್ಲಿ ಸ್ಟೀರಾಯ್ಡ್ ಇರುವುದುಂಟು. ತಿಂಗಳುಗಟ್ಟಲೆ ತಿಂದರೆ ಅದೂ ಎಲುಬನ್ನು ತಿನ್ನುತ್ತದೆ.

ಚಿಕ್ಕವ್ವನನ್ನು ಕೊನೆಗೆ ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆಗೆ ಕರೆದುಕೊಂಡು ಹೋದೆವು. ಮಲಗಿಸಿ ಹತ್ತು–ಹದಿನೈದು ನಿಮಿಷದಲ್ಲಿ ಮುಗಿಸುತ್ತಾರೆ, ಸೂಜಿ ಇಲ್ಲ, ನೋವಿಲ್ಲ. ಹರೆಯದವರ ಗಟ್ಟಿ ಎಲುಬಿಗೆ ಹೋಲಿಸಿ ಕೊಡುವ ಅಂಕವೇ ಟಿ–ಸ್ಕೋರ್; ಅದು ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್. ಅವಳದು ಬೆನ್ನೆಲುಬಿನಲ್ಲಿ ಮೈನಸ್ 2.9 ಬಂತು. ಡಾಕ್ಟರು ವಿಟಮಿನ್ ಡಿ ಸರಿಮಾಡಿ ಅಲೆಂಡ್ರೊನೇಟ್ ಮಾತ್ರೆ ಬರೆದರು. ಕೆರೆಯುವ ಕೋಶಗಳ ಕೈ ಕಟ್ಟುವ ಮಾತ್ರೆ ಅದು. ವಾರಕ್ಕೆ ಒಂದು, 70 ಮಿ.ಗ್ರಾಂ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ತುಂಬಿದ ಲೋಟ ನೀರಿನ ಜೊತೆ ನುಂಗಿ ಅರ್ಧ ಗಂಟೆ ಮಲಗಬಾರದು, ಏನೂ ತಿನ್ನಬಾರದು. ಇಲ್ಲದಿದ್ದರೆ ಅನ್ನನಾಳ ಸುಡುತ್ತದೆ, ಔಷಧಿಯೂ ಮೈಗೆ ಹತ್ತುವುದಿಲ್ಲ. ಇದು ಆಗದವರಿಗೆ ವರ್ಷಕ್ಕೊಮ್ಮೆ ಸಲೈನ್ ಹಾಗೆ ಏರಿಸುವ ಜೋಲೆಡ್ರಾನಿಕ್ ಆಸಿಡ್ ಇದೆ.

ಸೋಮವಾರ ಬೆಳಗ್ಗೆ ಚಿಕ್ಕವ್ವ ಮಾತ್ರೆ ನುಂಗಿ ಅಂಗಳದಲ್ಲಿ ಅರ್ಧ ಗಂಟೆ ತಿರುಗಾಡುತ್ತಾಳೆ, ಚಹಾ ಆಮೇಲೆ. ನಡೆಯುವುದರಿಂದ ಎಲುಬಿಗೂ ಒಳ್ಳೆಯದು, ಕಾಲಿನ ಬಲಕ್ಕೂ ಒಳ್ಳೆಯದು. ಬಚ್ಚಲಿನ ಫರ್ಸಿಯನ್ನು ಕಾಕಾ ಉಳಿಯಿಂದ ಕಟೆಸಿ ಒರಟು ಮಾಡಿಸಿದ್ದಾರೆ, ಹಿಡಿದುಕೊಳ್ಳಲು ಗೋಡೆಗೆ ಒಂದು ಕಬ್ಬಿಣದ ಸರಳು ಹಾಕಿಸಿದ್ದಾರೆ. ಹೋದ ವಾರ ಫೋನಿನಲ್ಲಿ ಚಿಕ್ಕವ್ವ ಕೇಳಿದಳು: ಪಕ್ಕದ ಮನೆಯಾಕೆಗೂ ಗರ್ಭಚೀಲ ತೆಗೆದಿದ್ದಾರೆ, ನಲವತ್ತೂ ಆಗಿಲ್ಲ, ಆಕೆಯನ್ನೂ ಆ ಪರೀಕ್ಷೆಗೆ ಕರೆದುಕೊಂಡು ಹೋಗ್ತೀಯಾ?