ಒಂದು ಸೆಕೆಂಡಿನ ಇಪ್ಪತ್ತು ಚಿತ್ರಗಳು: ಬರ್ಸ್ಟ್ ಫೋಟೊಗಳನ್ನು ಕ್ರಮ ತಪ್ಪದಂತೆ ಇಳಿಸಿಕೊಳ್ಳುವ ಬಗೆ

ಕೆಲವು ವರ್ಷಗಳ ಹಿಂದೆ ಅಂಕೋಲಾ ಸಮೀಪ, ಕೊಯ್ಲು ಮುಗಿದ ಗದ್ದೆಯೊಂದರಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ನಡೆದಿತ್ತು. ಫೈನಲ್‌ನ ಕೊನೆಯ ದಾಳಿಗೆ ಹೋದ ಹುಡುಗನನ್ನು ಎದುರಾಳಿಗಳಿಬ್ಬರು ಕಣಕಾಲಿಗೆ ಕೈಹಾಕಿ ಕೆಡವಿದರು. ಬಿದ್ದವನು ಎಡ ಮೊಣಕೈ ಊರಿ, ಮೈಯನ್ನು ಉದ್ದಕ್ಕೆ ಚಾಚಿ, ಬಲಗೈಯ ಎರಡು ಬೆರಳುಗಳನ್ನು ಮಧ್ಯಗೆರೆಯ ಸುಣ್ಣದ ಮೇಲಿಟ್ಟ, ತಂಡ ಗೆದ್ದಿತು. ಆ ಎರಡು ಸೆಕೆಂಡುಗಳನ್ನು ನಾನು ಬರ್ಸ್ಟ್‌ನಲ್ಲಿ, ಅಂದರೆ ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಕ್ಯಾಮೆರಾ ಒಂದರ ಹಿಂದೊಂದು ಚಿತ್ರ ತೆಗೆಯುವ ಬಗೆಯಲ್ಲಿ, ಪೂರ್ತಿಯಾಗಿ ಹಿಡಿದಿದ್ದೆ. ನಡುರಾತ್ರಿ ಕಾರವಾರಕ್ಕೆ ಮರಳಿ, ಕಾರ್ಡನ್ನು ಕಂಪ್ಯೂಟರಿಗೆ ಇಳಿಸಿ, ನಾಲ್ಕು ಚಿತ್ರಗಳ ಸರಣಿಯನ್ನು ಆರಿಸಿ ಪತ್ರಿಕೆಯೊಂದಕ್ಕೆ ಕಳುಹಿಸಿದೆ. ಮರುದಿನ ಅಚ್ಚಾದ ಸರಣಿಯ ಮೊದಲ ಚಿತ್ರದಲ್ಲಿ ಬೆರಳು ಗೆರೆಯ ಮೇಲಿತ್ತು, ಕೊನೆಯ ಚಿತ್ರದಲ್ಲಿ ಹುಡುಗ ಅಂಗಳದ ನಡುವೆ ಹಿಡಿತಕ್ಕೆ ಸಿಕ್ಕಿದ್ದ. ನೋಡಿದವರಿಗೆ ಅವನನ್ನು ಗೆರೆಯಿಂದ ಹಿಂದಕ್ಕೆಳೆದು ಔಟ್ ಮಾಡಿದಂತೆ ಕಾಣುತ್ತಿತ್ತು. ತಂಡದ ತರಬೇತುದಾರರು ಬೆಳಿಗ್ಗೆಯೇ ಫೋನ್ ಮಾಡಿ, ಹುಡುಗ ಗೆದ್ದ ಕ್ಷಣವು ಸೋತ ಕ್ಷಣವಾಗಿ ಅಚ್ಚಾಗಿದೆ ಎಂದು ನೊಂದುಕೊಂಡರು. ಪತ್ರಿಕೆಯವರು ನಾನು ಕೊಟ್ಟ ಕ್ರಮದಲ್ಲಿಯೇ ಚಿತ್ರಗಳನ್ನು ಹಾಕಿದ್ದರು. ತಪ್ಪು ಇದ್ದದ್ದು ನನ್ನ ಫೋಲ್ಡರ್‌ನಲ್ಲಿ.

ಆ ತಪ್ಪಿನ ಮೂಲ ಬಹಳ ಸರಳವಾದದ್ದು. ಕ್ಯಾಮೆರಾಗಳು ಕಡತಗಳಿಗೆ ಹೆಸರಿಡುವ ಕ್ರಮವನ್ನು 1998ರಲ್ಲಿ ಜಪಾನಿನಲ್ಲಿ ರೂಪುಗೊಂಡ ಡಿಸಿಎಫ್ ಎಂಬ ಮಾನದಂಡ ನಿಗದಿಪಡಿಸಿದೆ. ಅದರಂತೆ ಹೆಸರಿನ ಮೊದಲ ನಾಲ್ಕು ಸ್ಥಾನಗಳು ಅಕ್ಷರಗಳಿಗೆ, ಮುಂದಿನ ನಾಲ್ಕು ಸ್ಥಾನಗಳು ಅಂಕಿಗಳಿಗೆ ಮೀಸಲು. ನಾಲ್ಕು ಅಂಕಿಗಳಲ್ಲಿ 9999 ದಾಟಲು ಜಾಗವಿಲ್ಲದ ಕಾರಣ ಎಣಿಕೆ ಮತ್ತೆ 0001ರಿಂದ ಶುರುವಾಗುತ್ತದೆ. ಅಂದಿನ ದಾಳಿಯಲ್ಲಿ ಕಣಕಾಲು ಹಿಡಿದ ಫ್ರೇಮ್‌ಗಳು 9994ರಿಂದ 9999ರವರೆಗೆ ಇದ್ದವು, ಗೆರೆಯತ್ತ ಚಾಚಿ ಬೆರಳು ಮುಟ್ಟಿಸಿದ ಫ್ರೇಮ್‌ಗಳು 0001ರಿಂದ ಮುಂದಕ್ಕಿದ್ದವು. ಹೆಸರಿನ ಪ್ರಕಾರ ಜೋಡಿಸಿದ ಕಂಪ್ಯೂಟರ್ ಸಹಜವಾಗಿಯೇ 0001ನ್ನು ಮೊದಲಿಟ್ಟಿತು. ವರ್ಷಕ್ಕೆ ನಾಲ್ಕೈದು ಸಾವಿರ ಚಿತ್ರ ತೆಗೆಯುವವರಿಗೆ ಈ ತಿರುವು ಅಪರೂಪದ್ದು. ಆದರೆ ಸೆಕೆಂಡಿಗೆ 20 ಫ್ರೇಮ್ ತೆಗೆಯುವ ಕ್ಯಾಮೆರಾ ಒಂದು ಪೂರ್ಣ ದಾಳಿಗೇ 600 ಫ್ರೇಮ್ ನುಂಗಬಲ್ಲದು, ಮತ್ತು ಪಂದ್ಯಾವಳಿಗಳ ಋತುವಿನಲ್ಲಿ ವಾರಕ್ಕೊಮ್ಮೆಯಾದರೂ 9999 ದಾಟುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಕ್ರಮವನ್ನು ಕ್ಯಾಮೆರಾ ಕಳೆದುಕೊಂಡಿರಲಿಲ್ಲ. ಹೆಚ್ಚಿನ ಕ್ಯಾಮೆರಾಗಳು 9999 ಮುಗಿದೊಡನೆ ಕಾರ್ಡಿನಲ್ಲಿ ಹೊಸ ಫೋಲ್ಡರ್ ತೆರೆಯುತ್ತವೆ; 100ರಿಂದ ಶುರುವಾಗುವ ಹೆಸರಿನ ಫೋಲ್ಡರ್‌ನಲ್ಲಿ 9999 ಇದ್ದರೆ, 101ರ ಫೋಲ್ಡರ್‌ನಲ್ಲಿ 0001 ಇರುತ್ತದೆ. ಎರಡನ್ನೂ ಒಟ್ಟಿಗೆ ಓದಿದರೆ ಸರಣಿ ಒಂದು ಫ್ರೇಮ್ ಕೂಡ ತಪ್ಪದೆ ಸಿಗುತ್ತದೆ. ನಾವು ಇಂಪೋರ್ಟ್ ಮಾಡುವಾಗ, ಅಂದರೆ ಕಾರ್ಡಿನಿಂದ ಕಂಪ್ಯೂಟರಿಗೆ ಇಳಿಸಿಕೊಳ್ಳುವಾಗ, ತಂತ್ರಾಂಶವು ಎರಡೂ ಫೋಲ್ಡರ್‌ಗಳ ಚಿತ್ರಗಳನ್ನು ಒಂದೇ ಫೋಲ್ಡರಿಗೆ ಸುರಿಯುತ್ತದೆ, ಆ ಗಳಿಗೆಯಲ್ಲಿ 100 ಮತ್ತು 101 ಎಂಬ ಸುಳಿವು ಅಳಿಸಿಹೋಗುತ್ತದೆ. ಬರ್ಸ್ಟ್ ಚಿತ್ರಗಳ ಕ್ರಮವು ಕೆಡುವುದು ಬಹುಪಾಲು ಮೈದಾನದಲ್ಲಲ್ಲ, ಈ ಸುರಿಯುವ ಹೊತ್ತಿನಲ್ಲಿ ಎಂಬುದು ನನ್ನ ಅನುಭವ.

ಹೆಸರನ್ನು ಬಿಟ್ಟು ಚಿತ್ರ ತೆಗೆದ ಸಮಯದ ಪ್ರಕಾರ ಜೋಡಿಸಿದರೆ ಸಾಕಲ್ಲವೇ ಎಂದು ಕಿರಿಯ ಛಾಯಾಗ್ರಾಹಕರು ಕೇಳುತ್ತಾರೆ. ಸಾಮಾನ್ಯ ಚಿತ್ರಗಳಿಗೆ ಸಾಕು, ಬರ್ಸ್ಟ್‌ಗೆ ಸಾಲದು. ಚಿತ್ರದೊಳಗೆ ಸೇರಿಕೊಂಡಿರುವ ಎಕ್ಸಿಫ್ ಮಾಹಿತಿಯಲ್ಲಿ, ಚಿತ್ರ ತೆಗೆದ ಸಮಯ ಎಂಬ ಮುಖ್ಯ ಅಂಕಣವು ಗಂಟೆ, ನಿಮಿಷ, ಸೆಕೆಂಡುಗಳಿಗೆ ನಿಂತುಬಿಡುತ್ತದೆ. 1995ರಲ್ಲಿ ಮೊದಲ ಎಕ್ಸಿಫ್ ಮಾನದಂಡ ಬಂದಾಗ ಸೆಕೆಂಡಿಗೆ 20 ಚಿತ್ರ ತೆಗೆಯುವ ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು ಓಡಾಡುವವರು ಇರಲಿಲ್ಲ. ಇಂದು ನಿಕಾನ್ ಝಡ್9 ಸಂಸ್ಕರಿಸದ ಕಚ್ಚಾ (ರಾ) ಕಡತಗಳನ್ನೇ ಸೆಕೆಂಡಿಗೆ 20ರಂತೆ ತೆಗೆಯುತ್ತದೆ. 2023ರ ಕೊನೆಯಲ್ಲಿ ಪ್ರಕಟವಾದ ಸೋನಿ ಎ9ರ ಮೂರನೆಯ ಆವೃತ್ತಿ ಸೆಕೆಂಡಿಗೆ 120ರವರೆಗೂ ಹೋಗುತ್ತದೆ. ಅಷ್ಟೂ ಫ್ರೇಮ್‌ಗಳ ಮೇಲೆ ಒಂದೇ ಸೆಕೆಂಡಿನ ಮುದ್ರೆ ಇದ್ದರೆ, ಅವುಗಳಲ್ಲಿ ಯಾವುದು ಮೊದಲು ಎಂಬ ಪ್ರಶ್ನೆಗೆ ಆ ಅಂಕಣದಲ್ಲಿ ಉತ್ತರವಿಲ್ಲ.

ಸೆಕೆಂಡಿನ ಭಾಗವನ್ನು ಬರೆದಿಡಲು ಎಕ್ಸಿಫ್‌ನಲ್ಲಿ ಬೇರೊಂದು ಅಂಕಣವಿದೆ. ಅನೇಕ ಕ್ಯಾಮೆರಾಗಳು ಅದರಲ್ಲಿ ನೂರನೆಯ ಒಂದು ಭಾಗದವರೆಗೆ ಬರೆಯುತ್ತವೆ, ಕೆಲವು ಹಳೆಯ ಮಾದರಿಗಳು ಅದನ್ನು ಖಾಲಿ ಬಿಡುತ್ತವೆ. ನಿಮ್ಮ ಕ್ಯಾಮೆರಾ ಏನು ಮಾಡುತ್ತದೆ ಎಂಬುದನ್ನು ಕೆನಡಾದ ಫಿಲ್ ಹಾರ್ವೆ ರೂಪಿಸಿದ ಎಕ್ಸಿಫ್‌ಟೂಲ್ ಎಂಬ ಉಚಿತ ತಂತ್ರಾಂಶದಿಂದ ಒಮ್ಮೆ ನೋಡಿಕೊಳ್ಳಬೇಕು. ಒಂದು ಬರ್ಸ್ಟ್‌ನ ಹತ್ತು ಚಿತ್ರಗಳನ್ನು ಅದಕ್ಕೆ ಕೊಟ್ಟು, ಸೆಕೆಂಡಿನ ಭಾಗಗಳು 05, 10, 15 ಎಂದು ಏರುತ್ತಾ ಹೋಗುತ್ತವೆಯೇ, ಇಲ್ಲವೇ ಎಲ್ಲದರಲ್ಲೂ ಒಂದೇ ಅಂಕಿ ಇದೆಯೇ ಎಂದು ಪರೀಕ್ಷಿಸಲು ಐದು ನಿಮಿಷ ಸಾಕು. ಇನ್ನು ಕಡತ ಬದಲಾದ ದಿನಾಂಕದ ಪ್ರಕಾರ ಜೋಡಿಸುವ ಅಭ್ಯಾಸವನ್ನಂತೂ ಕೈಬಿಡಲೇಬೇಕು. 32 ಜಿಬಿವರೆಗಿನ ಕಾರ್ಡುಗಳು ಬಳಸುವ ಫ್ಯಾಟ್32 ಎಂಬ ಕಡತ ವ್ಯವಸ್ಥೆಯಲ್ಲಿ ಆ ಸಮಯ ಎರಡೆರಡು ಸೆಕೆಂಡಿನ ಹೆಜ್ಜೆಯಲ್ಲಿ ದಾಖಲಾಗುತ್ತದೆ, ಅಂದರೆ 40 ಫ್ರೇಮ್‌ಗಳಿಗೆ ಒಂದೇ ಸಮಯ. ಕಡತ ಸೃಷ್ಟಿಯಾದ ದಿನಾಂಕವೆಂದು ವಿಂಡೋಸ್ ತೋರಿಸುವುದು ನೀವು ಅದನ್ನು ನಕಲಿಸಿಕೊಂಡ ಸಮಯವನ್ನು.

ಹೀಗಾಗಿ ನಾನು ಪಾಲಿಸುವ ಕ್ರಮ ಇದು: ಒಂದು ಕ್ಯಾಮೆರಾದೊಳಗಿನ ಕ್ರಮಕ್ಕೆ ಕ್ಯಾಮೆರಾ ಕೊಟ್ಟ ಸಂಖ್ಯೆಯೇ ಸಾಕ್ಷಿ, ಗಡಿಯಾರವು ಅದಕ್ಕೆ ಪೂರಕ ಮಾತ್ರ. ಹೆಸರು ಬದಲಾಯಿಸುವುದು ಒಂದೇ ಸಲ, ಇಂಪೋರ್ಟ್ ಮಾಡುವಾಗ, ಮತ್ತು ಹೊಸ ಹೆಸರಿನಲ್ಲಿ ಹಳೆಯ ಸಂಖ್ಯೆ ಉಳಿದಿರಲೇಬೇಕು. ಉದಾಹರಣೆಗೆ 20250112_201417_1_100_9998 ಎಂಬ ಹೆಸರಿನಲ್ಲಿ ಮೊದಲು ದಿನಾಂಕ, ಆಮೇಲೆ ರಾತ್ರಿ 8 ಗಂಟೆ 14 ನಿಮಿಷ 17 ಸೆಕೆಂಡು, ಆಮೇಲೆ ಒಂದನೆಯ ಕ್ಯಾಮೆರಾ, ಆಮೇಲೆ ಕಾರ್ಡಿನ ಫೋಲ್ಡರ್ ಸಂಖ್ಯೆ, ಕೊನೆಗೆ ಮೂಲ ಸಂಖ್ಯೆ ಇದೆ. ಮೊದಮೊದಲು ನಾನು ಫೋಲ್ಡರ್ ಸಂಖ್ಯೆಯನ್ನು ಸೇರಿಸುತ್ತಿರಲಿಲ್ಲ; ಸಮಯವೇ ಮುಂದಿರುವುದರಿಂದ ಅದರ ಅಗತ್ಯವಿಲ್ಲ ಎಂದುಕೊಂಡಿದ್ದೆ. ಆದರೆ 9999ರಿಂದ 0001ಕ್ಕೆ ತಿರುಗುವ ಆ ಒಂದು ಸೆಕೆಂಡಿನೊಳಗೆ ಸಮಯ ಒಂದೇ ಆಗಿರುತ್ತದೆ, ಆಗ ಮತ್ತೆ 0001 ಮುಂದೆ ಬಂದು ಕೂರುತ್ತದೆ. 100 ಮತ್ತು 101 ನಡುವೆ ಬಂದರೆ ಆ ಸೆಕೆಂಡೂ ಸರಿಯಾಗುತ್ತದೆ.

ಸಮಯವನ್ನಷ್ಟೇ ಹೆಸರಾಗಿ ಇಡುವವರು ಇನ್ನೊಂದು ತೊಂದರೆಗೆ ಸಿಲುಕುತ್ತಾರೆ. ಒಂದೇ ಹೆಸರು ಇಪ್ಪತ್ತು ಕಡತಗಳಿಗೆ ಬಂದಾಗ ತಂತ್ರಾಂಶವು ತಾನಾಗಿ 1, 2, 3 ಎಂದು ಬಾಲ ಅಂಟಿಸುತ್ತದೆ. ವಿಂಡೋಸ್ ಎಕ್ಸ್‌ಪ್ಲೋರರ್ ಈ ಅಂಕಿಗಳನ್ನು ಸಂಖ್ಯೆಗಳೆಂದೇ ಓದಿ 2ರ ನಂತರ 3ನ್ನು ಇಡುತ್ತದೆ. ಅಕ್ಷರ ಅಕ್ಷರವಾಗಿ ಓದುವ ತಂತ್ರಾಂಶಗಳಾದರೋ 1ರ ನಂತರ 10, 11, 12 ಎಂದು 19ರವರೆಗೆ ಹೋಗಿ ಆಮೇಲೆ 2ಕ್ಕೆ ಬರುತ್ತವೆ. ನಿಮ್ಮ ಕಂಪ್ಯೂಟರಿನಲ್ಲಿ ಸರಿಯಾಗಿ ಕಂಡ ಸರಣಿಯು ಸಂಪಾದಕರ ಕಂಪ್ಯೂಟರಿನಲ್ಲಿ ಕಲಸಿಹೋಗುವುದು ಈ ಕಾರಣದಿಂದ. ಅಂಕಿಗಳಿಗೆ ಮುಂದೆ ಸೊನ್ನೆ ಸೇರಿಸಿ ಎಲ್ಲವನ್ನೂ ಒಂದೇ ಉದ್ದಕ್ಕೆ ತಂದರೆ ಯಾವ ತಂತ್ರಾಂಶವೂ ಎಡವುವುದಿಲ್ಲ.

ಇಳಿಸಿದ ಮೇಲೆ, ಕಾರ್ಡನ್ನು ಫಾರ್ಮ್ಯಾಟ್ ಮಾಡುವ ಮೊದಲು ಎಣಿಸಬೇಕು. ಅಂದಿನ ಫೈನಲ್ 9640ರಿಂದ 0212ರವರೆಗೆ ನಡೆದಿತ್ತು. 9640ರಿಂದ 9999ಕ್ಕೆ 360, ಅದರ ಮೇಲೆ 212, ಒಟ್ಟು 572 ಇರಬೇಕು. 571 ಕಂಡರೆ ಒಂದು ಫ್ರೇಮ್ ದಾರಿಯಲ್ಲಿ ಬಿದ್ದಿದೆ ಎಂದರ್ಥ, ಮತ್ತು ಸಂಖ್ಯೆಗಳಲ್ಲಿ ಬಿಟ್ಟುಹೋದದ್ದು ಯಾವುದೆಂದು ಕಂಡುಹಿಡಿಯುವುದೂ ಸುಲಭ. ಇದೇ ಕಾರಣಕ್ಕೆ ಮೈದಾನದಲ್ಲಿ ಕುಳಿತು ಕ್ಯಾಮೆರಾದಲ್ಲಿಯೇ ಚಿತ್ರ ಅಳಿಸುವುದನ್ನು ನಾನು ಒಪ್ಪುವುದಿಲ್ಲ. ಅಳಿಸಿದ ಫ್ರೇಮ್ ಯಾವುದು, ಕಳೆದುಹೋದ ಫ್ರೇಮ್ ಯಾವುದು ಎಂಬ ವ್ಯತ್ಯಾಸ ಆಮೇಲೆ ತಿಳಿಯದು. ಗದ್ದೆಯ ಮೈದಾನಗಳಲ್ಲಿ ಬಾಡಿಗೆಗೆ ತಂದು ಕಟ್ಟುವ ಎಲ್‌ಇಡಿ ದೀಪಗಳ ಮಿನುಗಿನಿಂದಾಗಿ ಬರ್ಸ್ಟ್‌ನ ನಡುನಡುವೆ ಕಪ್ಪಾದ ಫ್ರೇಮ್‌ಗಳು ಬರುತ್ತವೆ, ಅವನ್ನು ಒಡನೆಯೇ ತೆಗೆದುಹಾಕುವ ಆಸೆ ಸಹಜ. ಆದರೆ ಕಾಲು ನೆಲ ಬಿಟ್ಟ ಕ್ಷಣ ಆ ಕಪ್ಪಾದ ಫ್ರೇಮ್‌ನಲ್ಲಿಯೇ ಇರಬಹುದು.

ಎರಡು ಕ್ಯಾಮೆರಾಗಳ ವಿಷಯ ಬೇರೆ. ಶಿರಸಿಯ ಮಾರಿಕಾಂಬಾ ಜಿಲ್ಲಾ ಕ್ರೀಡಾಂಗಣದಲ್ಲಿ ಓಟದ ಸ್ಪರ್ಧೆಗಳನ್ನು ತೆಗೆಯುವಾಗ ನಾನು ಮುಕ್ತಾಯದ ಗೆರೆಯ ಬಳಿ, ನನ್ನ ಸಹಾಯಕ ತಿರುವಿನ ಬಳಿ ನಿಲ್ಲುವುದು ರೂಢಿ. ನೂರು ಮೀಟರನ್ನು ಹನ್ನೆರಡೂವರೆ ಸೆಕೆಂಡಿನಲ್ಲಿ ಮುಗಿಸುವ ಹುಡುಗಿ ಸೆಕೆಂಡಿಗೆ 8 ಮೀಟರ್ ಓಡುತ್ತಾಳೆ. ಸೆಕೆಂಡಿಗೆ 20 ಫ್ರೇಮ್ ತೆಗೆದರೂ ಎರಡು ಫ್ರೇಮ್‌ಗಳ ನಡುವೆ ಅವಳು 40 ಸೆಂಟಿಮೀಟರ್ ಮುಂದೆ ಹೋಗಿರುತ್ತಾಳೆ. ಹೀಗಿರುವಾಗ ಎರಡು ಕ್ಯಾಮೆರಾಗಳ ಗಡಿಯಾರದಲ್ಲಿ ಮೂರು ನಿಮಿಷದ ಅಂತರವಿದ್ದರೆ ಒಂದು ಓಟದ ಚಿತ್ರಗಳು ಮತ್ತೊಂದು ಓಟದೊಳಗೆ ನುಗ್ಗುತ್ತವೆ. ಕ್ಯಾಮೆರಾದ ಗಡಿಯಾರಗಳು ದಿನಗಳೆದಂತೆ ಕೆಲವು ಸೆಕೆಂಡು ಮುಂದಕ್ಕೋ ಹಿಂದಕ್ಕೋ ಸರಿಯುತ್ತವೆ, ಒಂದೊಂದೂ ತನ್ನದೇ ವೇಗದಲ್ಲಿ.

ಇದಕ್ಕೆ ನಾವು ಕಂಡುಕೊಂಡ ಉಪಾಯ ಒಂದು ಸಣ್ಣ ಟಾರ್ಚ್. ಸ್ಪರ್ಧೆ ಶುರುವಾಗುವ ಮೊದಲು ಇಬ್ಬರೂ ಅಕ್ಕಪಕ್ಕ ನಿಂತು ಟಾರ್ಚಿನ ಕಡೆಗೆ ಕ್ಯಾಮೆರಾ ಹಿಡಿದು ಬರ್ಸ್ಟ್ ಶುರುಮಾಡುತ್ತೇವೆ, ಮೂರನೆಯವರು ಅದನ್ನು ಒಮ್ಮೆ ಹೊತ್ತಿಸುತ್ತಾರೆ. ಎರಡೂ ಕ್ಯಾಮೆರಾಗಳಲ್ಲಿ ಬೆಳಕು ಮೊದಲು ಕಂಡ ಫ್ರೇಮನ್ನು ಹುಡುಕಿ, ಅವುಗಳ ಸಮಯದ ವ್ಯತ್ಯಾಸವನ್ನು ಒಂದು ಕ್ಯಾಮೆರಾದ ಎಲ್ಲ ಚಿತ್ರಗಳಿಗೂ ಕೂಡಿಸಿದರೆ ಅಥವಾ ಕಳೆದರೆ, ಸೆಕೆಂಡಿನ ಭಾಗ ದಾಖಲಿಸುವ ಕ್ಯಾಮೆರಾಗಳಲ್ಲಿ ಒಂದೆರಡು ಫ್ರೇಮ್‌ಗಳ ಅಂತರದೊಳಗೆ ಎರಡೂ ಹೊಂದಿಕೊಳ್ಳುತ್ತವೆ. ಲೈಟ್‌ರೂಮ್, ಡಿಜಿಕ್ಯಾಮ್, ಎಕ್ಸಿಫ್‌ಟೂಲ್ ಎಲ್ಲದರಲ್ಲಿಯೂ ಸಮಯವನ್ನು ಹೀಗೆ ಸರಿಸುವ ಅನುಕೂಲವಿದೆ. ಹೆಸರು ಬದಲಾಯಿಸುವ ಮೊದಲೇ ಇದನ್ನು ಮಾಡಬೇಕು, ಇಲ್ಲದಿದ್ದರೆ ತಪ್ಪು ಸಮಯ ಹೆಸರಿನೊಳಗೆ ಉಳಿದುಬಿಡುತ್ತದೆ. ಇಷ್ಟಾದರೂ ಆಯ್ಕೆ ಮುಗಿಯುವವರೆಗೆ ಎರಡು ಕ್ಯಾಮೆರಾಗಳ ಚಿತ್ರಗಳನ್ನು ಬೇರೆ ಬೇರೆ ಫೋಲ್ಡರ್‌ಗಳಲ್ಲಿ ಇಡುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಎರಡು ಕೋನಗಳ ಬರ್ಸ್ಟ್‌ಗಳು ಒಂದರೊಳಗೊಂದು ಹೆಣೆದುಕೊಂಡರೆ ಕಣ್ಣಿಗೆ ಚಲನೆಯ ಜಾಡು ಸಿಗುವುದಿಲ್ಲ. ಆರಿಸಿದ ಚಿತ್ರಗಳನ್ನು ಮಾತ್ರ ಕೊನೆಗೆ ಒಂದುಗೂಡಿಸಿದರೆ ಸಾಕು.

ಮೈದಾನದಲ್ಲಿ ಪಾಲಿಸಬೇಕಾದ ಎಚ್ಚರಗಳು ಕೆಲವೇ. ಸಂಖ್ಯೆಯ ಎಣಿಕೆ ಕಾರ್ಡ್ ಬದಲಿಸಿದಾಗಲೂ ಮುಂದುವರಿಯುವಂತೆ ಕ್ಯಾಮೆರಾದಲ್ಲಿ ಹೊಂದಿಸಿಡಬೇಕು. ಹಳೆಯ ಚಿತ್ರಗಳಿರುವ ಕಾರ್ಡ್ ಹಾಕಿದರೆ ಕೆಲವು ಕ್ಯಾಮೆರಾಗಳು ಆ ಕಾರ್ಡಿನ ಸಂಖ್ಯೆಯಿಂದಲೇ ಎಣಿಕೆ ಮುಂದುವರಿಸುತ್ತವೆ, ಆದ್ದರಿಂದ ಖಾಲಿ ಮಾಡಿದ ಕಾರ್ಡನ್ನೇ ಹಾಕಬೇಕು. ಎರಡು ಕಾರ್ಡ್ ಹಿಡಿಯುವ ಕ್ಯಾಮೆರಾದಲ್ಲಿ ಒಂದು ತುಂಬಿದ ಮೇಲೆ ಇನ್ನೊಂದಕ್ಕೆ ಹರಿಯುವ ವ್ಯವಸ್ಥೆಗಿಂತ, ಎರಡರಲ್ಲೂ ಒಂದೇ ಪ್ರತಿ ಉಳಿಯುವ ವ್ಯವಸ್ಥೆ ಮೇಲು. ಒಂದು ದಾಳಿ ಮುಗಿದೊಡನೆ ಅಂಕಫಲಕದ ಒಂದು ಚಿತ್ರ ತೆಗೆಯುವುದನ್ನು ನಾನು ಎಂದೂ ಬಿಡುವುದಿಲ್ಲ. ಸಾವಿರಾರು ಫ್ರೇಮ್‌ಗಳ ನಡುವೆ ಅದು ಹೊಲದ ಬದುವಿನಂತೆ ಒಂದು ದಾಳಿಯನ್ನು ಮತ್ತೊಂದರಿಂದ ಬೇರ್ಪಡಿಸುತ್ತದೆ.

ಚಿತ್ರ ಕಳುಹಿಸುವಾಗಲೂ ಕ್ರಮ ಕೆಡಬಹುದು. ಕಾರವಾರದ ಮಾಲಾದೇವಿ ಮೈದಾನದಲ್ಲಿ ಪಂದ್ಯ ಮುಗಿಯುವ ಮೊದಲೇ ಸಂಘಟಕರು ವಾಟ್ಸ್‌ಆ್ಯಪ್‌ನಲ್ಲಿ ಚಿತ್ರ ಕೇಳುತ್ತಾರೆ. ಅಲ್ಲಿ ಚಿತ್ರವಾಗಿ ಕಳುಹಿಸಿದರೆ ನಮ್ಮ ಹೆಸರೂ ಎಕ್ಸಿಫ್ ಮಾಹಿತಿಯೂ ಅಳಿಸಿಹೋಗಿ, ಕಡತವು ಹೊಸ ಹೆಸರಿನಲ್ಲಿ ತಲುಪುತ್ತದೆ. ಸರಣಿಯನ್ನು ಕಳುಹಿಸುವಾಗ ನಾನು ಚಿತ್ರಗಳಿಗೆ 01, 02, 03 ಎಂದು ಹೆಸರಿಟ್ಟು, ಡಾಕ್ಯುಮೆಂಟ್ ಆಗಿ ಲಗತ್ತಿಸುತ್ತೇನೆ. ಹಾಗೆ ಕಳುಹಿಸಿದಾಗ ಕಡತದ ಹೆಸರು ಉಳಿಯುತ್ತದೆ. ಜೊತೆಗೆ, ಮೊದಲ ಚಿತ್ರದಲ್ಲಿ ಹಿಡಿತ, ಕೊನೆಯ ಚಿತ್ರದಲ್ಲಿ ಗೆರೆಯ ಮೇಲೆ ಬೆರಳು ಎಂದು ಒಂದು ಸಾಲು ಬರೆಯುತ್ತೇನೆ.

ಈಗಾಗಲೇ ಕಲಸಿಹೋದ ಹಳೆಯ ಫೋಲ್ಡರ್‌ಗಳಿದ್ದರೆ ಅವನ್ನೂ ಬಹುಮಟ್ಟಿಗೆ ಸರಿಪಡಿಸಬಹುದು. ಹೆಸರು ಬದಲಾಗಿದ್ದರೂ ಕಡತದ ಒಳಗೆ ತಯಾರಕರ ಟಿಪ್ಪಣಿ ಎಂಬ ಭಾಗ ಉಳಿದಿರುತ್ತದೆ. ಕ್ಯಾನನ್ ಮತ್ತು ನಿಕಾನ್‌ನ ಅನೇಕ ಮಾದರಿಗಳು ಮೂಲ ಫೋಲ್ಡರ್ ಸಂಖ್ಯೆ ಹಾಗೂ ಕಡತ ಸಂಖ್ಯೆಯನ್ನು ಅದರಲ್ಲಿ ಬರೆದಿಡುತ್ತವೆ, ನಿಕಾನ್‌ನ ಹಲವು ಮಾದರಿಗಳಲ್ಲಿ ಶಟರ್ ಎಷ್ಟನೆಯ ಬಾರಿ ತೆರೆಯಿತು ಎಂಬ ಎಣಿಕೆಯೂ ಇರುತ್ತದೆ. ಎಕ್ಸಿಫ್‌ಟೂಲ್ ಅದನ್ನು ಓದಿ, ಆ ಸಂಖ್ಯೆಯ ಪ್ರಕಾರ ಹೊಸ ಹೆಸರು ಕೊಡಬಲ್ಲದು. ಅಂಕೋಲಾದ ಆ 572 ಫ್ರೇಮ್‌ಗಳನ್ನು ನಾನು ಹೀಗೆಯೇ ಮತ್ತೆ ಜೋಡಿಸಿದೆ. ಹಿಡಿತದಿಂದ ಗೆರೆಯವರೆಗಿನ ಹದಿನೈದು ಚಿತ್ರಗಳನ್ನು ಒಂದೇ ಹಾಳೆಯಲ್ಲಿ ಸಾಲಾಗಿ ಮುದ್ರಿಸಿ ತರಬೇತುದಾರರಿಗೆ ಕೊಟ್ಟು ಬಂದೆ. ಅವರು ಅದನ್ನು ಎಡದಿಂದ ಬಲಕ್ಕೆ ಬೆರಳಿಟ್ಟು ನೋಡುತ್ತಾ ಹೋಗಿ ಹನ್ನೊಂದನೆಯ ಚಿತ್ರದ ಮೇಲೆ ನಿಂತರು. ಬೆರಳು ಮೊದಲ ಬಾರಿಗೆ ಸುಣ್ಣ ಮುಟ್ಟಿದ್ದು ಅದರಲ್ಲಿ, ಸಂಖ್ಯೆ 101ರ 0005.