ಧಾರೆಯ ಹೊತ್ತಿಗೇ ನಿಲ್ಲುವ ಡಿವಿಡಿ

ಕಳೆದ ದೀಪಾವಳಿಗೆ ತಿಪಟೂರಿನ ಅಕ್ಕನ ಮನೆಗೆ ಹೋಗಿದ್ದೆ. ಅವಳ ಮದುವೆಯ ಡಿವಿಡಿ ನೋಡಲೇಬೇಕು ಅಂತ ಮಕ್ಕಳು ಹಟ ಹಿಡಿದರು. ಮನೆಯಲ್ಲಿ ಎರಡು ಲ್ಯಾಪ್‌ಟಾಪ್ ಇವೆ, ಎರಡರಲ್ಲೂ ಡಿಸ್ಕ್ ಹಾಕುವ ಜಾಗವಿಲ್ಲ. ಕೊನೆಗೆ ಮೂಲೆಯಲ್ಲಿದ್ದ ವಿಂಡೋಸ್ ಎಕ್ಸ್‌ಪಿ ಡೆಸ್ಕ್‌ಟಾಪ್‌ನ ಧೂಳು ಕೊಡವಿದೆವು. ವಿಡಿಯೊ ಶುರುವಾಯಿತು. ಆದರೆ ಹೆಜ್ಜೆ ಎತ್ತಿದ ಭಾವ ಕಾಲು ಊರದೆ ಹಾಗೇ ನಿಂತುಬಿಟ್ಟರು. ನಾಗಸ್ವರ ತುಂಡು ತುಂಡಾಗಿ ಕೇಳಿಸಿತು. ಮೌಸ್ ಕೂಡ ಎಳೆದಂತೆ ಬರುತ್ತಿರಲಿಲ್ಲ.

"ವೈರಸ್ ಕಣೋ. ಮೂರು ವರ್ಷದ ಹಿಂದೆಯೂ ಹೀಗೇ ಆಗಿತ್ತು. ಅಂಗಡಿಯವರು ಫಾರ್ಮ್ಯಾಟ್ ಮಾಡಿಕೊಟ್ಟ ಮೇಲೆ ಸರಿಹೋಯ್ತು" ಎಂದಳು ಅಕ್ಕ. ಆ ಫಾರ್ಮ್ಯಾಟಿನಲ್ಲಿ ದೊಡ್ಡ ಮಗನ ನಾಮಕರಣದ ಫೋಟೊಗಳೆಲ್ಲ ಹೋಗಿದ್ದವು.

ಈ ಮಾತು ಕೇಳಿದರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಫಾರ್ಮ್ಯಾಟ್ ಮಾಡಿದರೆ ಇದು ಸರಿಹೋಗುವುದು ಸುಳ್ಳಲ್ಲ. ಸರಿಹೋಗುತ್ತದೆ, ಅದೇ ತೊಂದರೆ. ತಾನಾಗಿ ಇಳಿಯಲಿದ್ದ ಜ್ವರ ತಾಯತ ಕಟ್ಟಿದ ಮೇಲೆ ಇಳಿದರೆ ಹೆಸರು ತಾಯತಕ್ಕೇ ಬರುತ್ತದೆ ಅಲ್ವಾ? ಹಾಗೇ ಇಲ್ಲಿ ಇಲ್ಲದ ವೈರಸ್‌ನ ಮೇಲೆ ತಪ್ಪು ಬಿತ್ತು. ಕಾರಣ ಬೇರೆಯೇ ಇದೆ, ಮತ್ತು ಅದು ತುಂಬ ಸೊಗಸಾದದ್ದು.

ಮೊದಲು ಒಂದು ಪರೀಕ್ಷೆ. ಟಾಸ್ಕ್ ಮ್ಯಾನೇಜರ್ ತೆರೆದು, ವ್ಯೂ ಮೆನುವಿನಲ್ಲಿ ಶೋ ಕರ್ನಲ್ ಟೈಮ್ಸ್ ಒತ್ತಿದೆ. ಪ್ರೊಸೆಸರ್‌ನ ಒಟ್ಟು ಕೆಲಸ ತೋರಿಸುವ ಹಸಿರು ಗೆರೆಯ ಜೊತೆಗೆ ಒಂದು ಕೆಂಪು ಗೆರೆ ಬರುತ್ತದೆ. ಪ್ರೊಸೆಸರ್ ತನ್ನ ಹೊತ್ತನ್ನು ವಿಂಡೋಸ್‌ನ ಒಳಗೆಲಸಕ್ಕೆ ಎಷ್ಟು ಕೊಡುತ್ತಿದೆ ಅಂತ ಆ ಕೆಂಪು ಗೆರೆ ಹೇಳುತ್ತದೆ. ಸಿನಿಮಾ ತೋರಿಸುವಾಗ ಅದು ತಳದಲ್ಲಿರಬೇಕು. ಇಲ್ಲಿ ಅದು ಹಸಿರು ಗೆರೆಯನ್ನು ಅಂಟಿಕೊಂಡು ಮೇಲೆಯೇ ಓಡುತ್ತಿತ್ತು.

ಯಂತ್ರದ ಭಾಗಗಳ ಪಟ್ಟಿಯಾದ ಡಿವೈಸ್ ಮ್ಯಾನೇಜರ್‌ನಲ್ಲಿ ಸೆಕೆಂಡರಿ ಐಡಿಇ ಚಾನೆಲ್, ಅಂದರೆ ಡಿವಿಡಿ ಡ್ರೈವ್ ಜೋಡಿಸಿರುವ ದಾರಿ, ತೆರೆದೆ. ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ ಡಿವಿಡಿ ಡ್ರೈವ್‌ನ ಎದುರು "ಪಿಐಒ ಮೋಡ್" ಎಂದಿತ್ತು. ಕಳ್ಳ ಸಿಕ್ಕಿದ.

ಪಿಐಒ ಏನು ಅಂತ ಮದುವೆ ಮನೆಯಿಂದಲೇ ಹೇಳುತ್ತೇನೆ. ಐನೂರು ಎಲೆಗೆ ಅಡುಗೆ. ಭಟ್ಟರು ಒಲೆಯ ಮುಂದೆ ಇದ್ದಾರೆ. ಅಕ್ಕಿ ಉಗ್ರಾಣದಲ್ಲಿದೆ. ತಂದುಕೊಡಲು ಒಬ್ಬ ಹುಡುಗ ಇದ್ದರೆ ಭಟ್ಟರು "ಒಂದು ಮೂಟೆ ತಾ" ಎಂದು ಹೇಳಿ ಸಾರಿಗೆ ಒಗ್ಗರಣೆ ಹಾಕುತ್ತಾರೆ. ಮೂಟೆ ಬಂದಾಗ ಹುಡುಗ ಕೂಗುತ್ತಾನೆ. ಇದು ಡಿಎಂಎ. ಡ್ರೈವ್‌ನಲ್ಲಿರುವ ಮಾಹಿತಿ ಪ್ರೊಸೆಸರ್‌ನ ಕೈ ಮುಟ್ಟದೆ ನೇರವಾಗಿ ಮೆಮೊರಿಗೆ ಬಂದು ಬೀಳುತ್ತದೆ. ಹುಡುಗ ಇಲ್ಲದಿದ್ದರೆ? ಭಟ್ಟರೇ ಉಗ್ರಾಣಕ್ಕೆ ಹೋಗಬೇಕು. ಮೂಟೆ ಹೊರುವ ಹಾಗಿಲ್ಲ, ಒಂದು ಸಲಕ್ಕೆ ಎರಡೇ ಕಾಳು. ತರಬೇಕು, ಹಾಕಬೇಕು, ಮತ್ತೆ ಹೋಗಬೇಕು. ಇದು ಪಿಐಒ.

ಎರಡು ಕಾಳು ಎಂದದ್ದು ಉತ್ಪ್ರೇಕ್ಷೆ ಅಲ್ಲ. ಪಿಐಒದಲ್ಲಿ ಒಂದು ಸಲಕ್ಕೆ ಬರುವುದು 2 ಬೈಟ್. ಡಿವಿಡಿಯಲ್ಲಿ ಸೆಕ್ಟರ್ ಎಂಬ ಮಾಹಿತಿಯ ಒಂದು ತುಂಡು 2048 ಬೈಟ್, ಅಂದರೆ 1024 ಸಲ ಓಡಾಟ. ಪಿಐಒದ ಅತಿ ವೇಗದ ನಾಲ್ಕನೇ ಮೋಡ್‌ನಲ್ಲೂ ಒಂದು ಓಡಾಟಕ್ಕೆ 120 ನ್ಯಾನೋ ಸೆಕೆಂಡ್ ಬೇಕು. ನಮಗೆ ಅದು ಏನೂ ಅಲ್ಲ. ಆದರೆ ಸೆಕೆಂಡಿಗೆ 200 ಕೋಟಿ ಸಲ ಬಡಿಯುವ 2 ಗಿಗಾಹರ್ಟ್ಸ್ ಪ್ರೊಸೆಸರ್‌ಗೆ ಅದು 240 ಬಡಿತದ ಹೊತ್ತು. ಅಷ್ಟು ಹೊತ್ತು ಅದು ಬಾಗಿಲಲ್ಲಿ ಕಾಯುತ್ತಾ ನಿಲ್ಲುತ್ತದೆ. ಪಿಐಒದ ಕೆಳಗಿನ ಮೆಟ್ಟಿಲಿಗೆ ಇಳಿದರೆ ಇದೇ ಓಡಾಟಕ್ಕೆ 600 ನ್ಯಾನೋ ಸೆಕೆಂಡ್.

ಇಲ್ಲೇ ಎಷ್ಟೋ ಜನ ಎಡವುತ್ತಾರೆ. ಡಿವಿಡಿ ಚಿತ್ರಕ್ಕೆ ಸೆಕೆಂಡಿಗೆ ಹೆಚ್ಚೆಂದರೆ 9.8 ಮೆಗಾಬಿಟ್ ಬೇಕು, ಅಂದರೆ ಸುಮಾರು 1.2 ಮೆಗಾಬೈಟ್. ಪಿಐಒ ನಾಲ್ಕನೇ ಮೋಡ್ 16 ಮೆಗಾಬೈಟ್‌ಗಿಂತ ಜಾಸ್ತಿ ಸಾಗಿಸಬಲ್ಲದು. ದಾರಿ ಅಗಲವಾಗಿಯೇ ಇದೆ, ಮತ್ತೇಕೆ ತಡೆ? ಯಾಕೆಂದರೆ ತೊಂದರೆ ದಾರಿಯದ್ದಲ್ಲ, ಹೊರುವವರದ್ದು. ಕಾಲುವೆಯಲ್ಲಿ ನೀರು ಹರಿಯುವುದಕ್ಕೂ ರೈತನೇ ಚೊಂಬಿನಲ್ಲಿ ಗದ್ದೆಗೆ ಹೊಯ್ಯುವುದಕ್ಕೂ ಇರುವ ವ್ಯತ್ಯಾಸ ಇದು. ನೀರು ಅಷ್ಟೇ ಬಂದರೂ ಆ ದಿನ ರೈತ ಬೇರೆ ಕೆಲಸ ಮಾಡುವಂತಿಲ್ಲ. ಪ್ರೊಸೆಸರ್‌ಗೋ, ಕೈಯಲ್ಲಿ ದೊಡ್ಡ ಕೆಲಸವೇ ಇದೆ. ನಮ್ಮ ಕಡೆಯ ಡಿವಿಡಿಯಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 25 ಚಿತ್ರ. ಪ್ರತಿ 40 ಮಿಲಿಸೆಕೆಂಡಿಗೆ ಒಂದು ಚಿತ್ರವನ್ನು ಎಂಪೆಗ್-2 ರೀತಿಯಲ್ಲಿ ಒತ್ತಿ ಕಟ್ಟಿದ ಗಂಟಿನಿಂದ ಬಿಡಿಸಿ ಪರದೆಗೆ ಕೊಡಬೇಕು. ಮಾಹಿತಿ ಒಂದೇ ಸಮನೆ ಬರುವುದೂ ಇಲ್ಲ, ರಾಶಿ ರಾಶಿಯಾಗಿ ಬರುತ್ತದೆ. ರಾಶಿ ಬಂದಾಗಲೆಲ್ಲ ಭಟ್ಟರು ಒಲೆ ಬಿಟ್ಟು ಉಗ್ರಾಣದಲ್ಲಿರುತ್ತಾರೆ. ಆ 40 ಮಿಲಿಸೆಕೆಂಡ್ ತಪ್ಪಿಹೋಗುತ್ತದೆ. ಭಾವ ಕಾಲೆತ್ತಿ ನಿಲ್ಲುತ್ತಾರೆ.

ಹೊರೆ ಹೊರಲು ಬೇರೆ ಆಳು ಇಡುವ ಯೋಚನೆ ಹೊಸದಲ್ಲ. 1950ರ ದಶಕದ ಕೊನೆಯ ಐಬಿಎಂ 709 ಯಂತ್ರದಲ್ಲೇ ಇದಕ್ಕಾಗಿ ಚಾನೆಲ್ ಎಂಬ ಪ್ರತ್ಯೇಕ ಭಾಗ ಇತ್ತು. ಕಾರ್ಡು ಓದುವ, ಟೇಪು ಸುತ್ತುವ ನಿಧಾನದ ಕೆಲಸಕ್ಕೆ ದುಬಾರಿ ಪ್ರೊಸೆಸರ್ ಕಾಯುತ್ತಾ ಕೂರಬಾರದು ಅಂತ. 1981ರ ಮೊದಲ ಐಬಿಎಂ ಪಿಸಿಯಲ್ಲೂ ಡಿಎಂಎಗಾಗಿಯೇ ಒಂದು ಚಿಪ್ ಕೂರಿಸಿದ್ದರು.

ಹಾಗಾದರೆ ಅಕ್ಕನ ಯಂತ್ರ ಆಳನ್ನು ಓಡಿಸಿದ್ದೇಕೆ? ಹೆದರಿಕೆಯಿಂದ. ವಿಂಡೋಸ್ ಎಕ್ಸ್‌ಪಿ ಒಂದು ಲೆಕ್ಕ ಇಡುತ್ತದೆ. ಡ್ರೈವ್ ಹೇಳಿದ ಹೊತ್ತಿಗೆ ಉತ್ತರ ಕೊಡದಿದ್ದರೆ ಒಂದು ತಪ್ಪು. ಕೇಬಲ್‌ನಲ್ಲಿ ಬಂದ ಮಾಹಿತಿ ತಾಳೆಯಾಗದಿದ್ದರೆ ಇನ್ನೊಂದು ತಪ್ಪು. ಒಟ್ಟು ಆರು ತಪ್ಪಾದರೆ ವೇಗವನ್ನು ಒಂದು ಮೆಟ್ಟಿಲು ಇಳಿಸುತ್ತದೆ. ಹೀಗೆ ಇಳಿದು ಇಳಿದು ಕೊನೆಗೆ ಪಿಐಒ. ಆರು ತಪ್ಪು ಒಂದೇ ದಿನ ಆಗಬೇಕಿಲ್ಲ. ವರ್ಷಕ್ಕೆ ಎರಡರಂತೆ ಆದರೂ ಕೂಡುತ್ತಾ ಹೋಗುತ್ತದೆ. ನಡುವೆ ಲಕ್ಷ ಸಲ ಸರಿಯಾಗಿ ಓದಿದ್ದು ಲೆಕ್ಕಕ್ಕಿಲ್ಲ. ಸಾಲದ ಪುಸ್ತಕದಲ್ಲಿ ಬಾಕಿ ಮಾತ್ರ ಬರೆದು ಜಮೆಯನ್ನು ಬರೆಯದ ಹಾಗೆ. ಮೆಟ್ಟಿಲು ಮತ್ತೆ ಹತ್ತುವ ಏರ್ಪಾಡೂ ಇಲ್ಲ.

ಫಾರ್ಮ್ಯಾಟ್ ಮಾಡಿ ವಿಂಡೋಸ್ ಹೊಸದಾಗಿ ಹಾಕಿದರೆ ಆ ಪುಸ್ತಕವೇ ಹೊಸದು. ಡಿಎಂಎ ವಾಪಸ್ ಬರುತ್ತದೆ. "ವೈರಸ್ ಹೋಯ್ತು". ಗೀರು ಬಿದ್ದ ಡಿಸ್ಕ್ ಅಥವಾ ಸಡಿಲ ಕೇಬಲ್ ಹಾಗೇ ಇರುತ್ತದೆ, ತಪ್ಪುಗಳು ಮತ್ತೆ ಕೂಡುತ್ತವೆ. "ವೈರಸ್ ಮತ್ತೆ ಬಂತು". ನಾಮಕರಣದ ಫೋಟೊ ಹೋದದ್ದು ಇಷ್ಟಕ್ಕೆ.

ಬೇಕಿದ್ದುದು ಎರಡು ನಿಮಿಷದ ಕೆಲಸ. ಆ ಸೆಟ್ಟಿಂಗ್ಸ್‌ನಲ್ಲಿ ಡಿಎಂಎ ಆಯ್ಕೆ ಮೊದಲೇ ಇರುತ್ತದೆ, ಅದನ್ನೇ ಮತ್ತೆ ಒತ್ತಿ ಲಾಭವಿಲ್ಲ. ಡಿವೈಸ್ ಮ್ಯಾನೇಜರ್‌ನಲ್ಲಿ ಸೆಕೆಂಡರಿ ಐಡಿಇ ಚಾನೆಲನ್ನೇ ಅನ್‌ಇನ್‌ಸ್ಟಾಲ್ ಮಾಡಿ ಯಂತ್ರವನ್ನು ರೀಸ್ಟಾರ್ಟ್ ಮಾಡಬೇಕು. ವಿಂಡೋಸ್ ಅದನ್ನು ಹೊಸಬರಂತೆ ಗುರುತಿಸಿ ಲೆಕ್ಕ ಸೊನ್ನೆಯಿಂದ ಶುರು ಮಾಡುತ್ತದೆ. ಫೈಲುಗಳಿಗೆ ಏನೂ ಆಗದು. ಹಾಗೇ ಮಾಡಿದೆ. "ಅಲ್ಟ್ರಾ ಡಿಎಂಎ ಮೋಡ್ 2" ಎಂದು ಬಂತು, ಕೆಂಪು ಗೆರೆ ತಳಕ್ಕೆ ಇಳಿಯಿತು, ಭಾವ ನಡೆದರು.

ಧಾರೆಯವರೆಗೆ. ಅಲ್ಲಿ ಮತ್ತೆ ನಿಂತಿತು. ಆದರೆ ಈ ಸಲ ನಿಂತದ್ದು ಬೇರೆ ಥರ. ಎಲ್ಲ ಕಡೆ ತಡೆದರೆ ಯಂತ್ರವನ್ನು ನೋಡಬೇಕು, ಪ್ರತಿ ಸಲ ಒಂದೇ ದೃಶ್ಯದಲ್ಲಿ ತಡೆದರೆ ಡಿಸ್ಕನ್ನು. ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿದ ಫೈಲೂ ಎಲ್ಲ ಕಡೆ ತಡೆದರೆ ಆಗ ಮಾತ್ರ ಪ್ಲೇಯರ್, ಗ್ರಾಫಿಕ್ಸ್ ಡ್ರೈವರ್ ಕಡೆ ಹೋಗಬೇಕು.

ಡಿಸ್ಕ್ ತೆಗೆದು ಬೆಳಕಿಗೆ ಹಿಡಿದರೆ ವೃತ್ತದ ಗುಂಟ ಒಂದು ಗೀರು. ಡಿವಿಡಿಯ ಸುರುಳಿ ಸಾಲುಗಳ ನಡುವಿನ ಅಂತರ 0.74 ಮೈಕ್ರೋಮೀಟರ್. ಒಂದು ಕೂದಲಿನ ದಪ್ಪದಲ್ಲಿ ಸುಮಾರು ನೂರು ಸಾಲು ಹಿಡಿಸುತ್ತವೆ. ಆದರೂ ಸಣ್ಣಪುಟ್ಟ ಗೀರಿಗೆ ಚಿತ್ರ ಕೆಡದಿರುವುದು ಇರ್ವಿಂಗ್ ರೀಡ್ ಮತ್ತು ಗುಸ್ಟಾವ್ ಸಾಲೊಮನ್ 1960ರಲ್ಲಿ ಕೊಟ್ಟ ಗಣಿತದಿಂದ. ಅಂಕಪಟ್ಟಿಯಲ್ಲಿ ಅಡ್ಡ ಸಾಲಿಗೂ ಉದ್ದ ಸಾಲಿಗೂ ಮೊತ್ತ ಬರೆದಿಟ್ಟರೆ, ನಡುವಿನ ಒಂದು ಅಂಕ ಅಳಿಸಿಹೋದರೂ ಕಂಡುಹಿಡಿಯಬಹುದಲ್ವಾ? ಡಿವಿಡಿಯೂ ಹಾಗೇ. 192 ಅಡ್ಡ ಸಾಲು, 172 ಉದ್ದ ಸಾಲು ಮಾಹಿತಿಗೆ, ಕಾವಲಿಗೆ ಇನ್ನೂ 16 ಅಡ್ಡ ಸಾಲು, 10 ಉದ್ದ ಸಾಲು. ವಾಯೇಜರ್ 2 ನೌಕೆ 1986ರಲ್ಲಿ ಯುರೇನಸ್‌ನ ಚಿತ್ರ ಕಳಿಸಿದ್ದೂ ರೀಡ್ ಸಾಲೊಮನ್ ಸಂಕೇತವನ್ನು ನಂಬಿಯೇ. ಆದರೆ ಗೀರು ಸಾಲಿನ ಗುಂಟವೇ ಉದ್ದಕ್ಕೆ ಹೋದರೆ ಅಂಕದ ಜೊತೆ ಮೊತ್ತವೂ ಅಳಿಸಿಹೋಗುತ್ತದೆ. ಡಿಸ್ಕನ್ನು ತಟ್ಟೆ ಒರೆಸಿದ ಹಾಗೆ ಸುತ್ತ ಒರೆಸಬಾರದು, ನಡುವಿನಿಂದ ಅಂಚಿಗೆ ಒರೆಸಬೇಕು ಎನ್ನುವುದು ಇದಕ್ಕೇ. ಅಡ್ಡ ಬಿದ್ದ ಗೀರು ಪ್ರತಿ ಸಾಲಿನಲ್ಲೂ ಚೂರು ಮಾತ್ರ ಕೆಡಿಸುತ್ತದೆ, ಅಷ್ಟನ್ನು ಗಣಿತ ತುಂಬಿಕೊಡುತ್ತದೆ.

ಒದ್ದೆ ಹತ್ತಿ ಬಟ್ಟೆಯಿಂದ ಒರೆಸಿ, ಆರಿಸಿ, ಡಿಸ್ಕನ್ನು ಹಾರ್ಡ್ ಡಿಸ್ಕ್‌ಗೆ ಕಾಪಿಗೆ ಹಾಕಿದೆ. ಆ ಗೀರಿನ ಜಾಗದಲ್ಲಿ ಡ್ರೈವ್ ಬಹಳ ಹೊತ್ತು ತಿಣುಕಾಡಿತು. ಧಾರೆಯ ಕೆಲವು ಸೆಕೆಂಡ್ ಚೌಕ ಚೌಕವಾಗಿ ಒಡೆದು ಬಂತು, ಉಳಿದದ್ದೆಲ್ಲ ಸಿಕ್ಕಿತು. ಮಕ್ಕಳು ರಾತ್ರಿ ಆ ಫೈಲಿನಲ್ಲೇ ಮೂರು ಸಲ ನೋಡಿದರು. ಹೊರಡುವ ದಿನ ಡಿವೈಸ್ ಮ್ಯಾನೇಜರ್ ಇನ್ನೊಮ್ಮೆ ತೆರೆದೆ. ಕಾಪಿ ಮಾಡುವಾಗಿನ ತಿಣುಕಾಟಕ್ಕೆ ಡ್ರೈವ್ ಆಗಲೇ ಒಂದು ಮೆಟ್ಟಿಲು ಇಳಿದಿತ್ತು. ಚಾನೆಲ್ ಅನ್‌ಇನ್‌ಸ್ಟಾಲ್ ಮಾಡುವುದು ಹೇಗೆ ಅಂತ ಅಕ್ಕನಿಗೆ ತೋರಿಸಿಕೊಟ್ಟೆ. ಅವಳೇ ಕೂತು ಮಾಡಿದಳು.