ಹಲ್ಲಿನ ಕಲೆಗೆ ಮೊಬೈಲ್ ಹೇಳುವ ಮದ್ದು

ಪ್ರಶ್ನೆ: ನಾನು ಪಾವಗಡ ತಾಲ್ಲೂಕಿನ ಪ್ರೌಢಶಾಲೆಯೊಂದರ ಶಿಕ್ಷಕಿ. ಆರೋಗ್ಯದ ಬಗ್ಗೆ ಏನೇ ಅನುಮಾನ ಬಂದರೂ ಮಕ್ಕಳು ಮೊದಲು ಮೊಬೈಲ್ ನೋಡುತ್ತಾರೆ. ಅಲ್ಲಿ ಸಿಕ್ಕಿದ್ದರಲ್ಲಿ ಯಾವುದನ್ನು ನಂಬಬೇಕೆಂದು ಅವರಿಗೆ ಕಲಿಸುವುದು ಹೇಗೆ?

ಉತ್ತರ: ನಂಬಲರ್ಹ ಜಾಲತಾಣಗಳ ಪಟ್ಟಿಯೊಂದನ್ನು ತರಗತಿಯ ಗೋಡೆಗೆ ಅಂಟಿಸುವುದು ಸುಲಭ, ಆದರೆ ಮನೆಯಲ್ಲಿ ಮೊಬೈಲ್ ಹಿಡಿದ ಮಗುವಿಗೆ ಆ ಪಟ್ಟಿ ನೆನಪಾಗುವುದು ಅಪರೂಪ. ಅದರ ಬದಲು ನಿಮ್ಮ ಊರಿನ ನೀರಿನಿಂದಲೇ ಪಾಠ ಆರಂಭಿಸಿ. ಪಾವಗಡದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು ಹಳೆಯ ಸಂಗತಿ; ಅದರಿಂದ ಹಲ್ಲಿನ ಮೇಲೆ ಕಂದು ಕಲೆ ಬಿದ್ದಿರುವ ಮಕ್ಕಳು ನಿಮ್ಮ ತರಗತಿಯಲ್ಲೂ ಇರಬಹುದು.

ಅಂಥ ಮಗು ‘ಹಳದಿ ಹಲ್ಲಿಗೆ ಮನೆಮದ್ದು’ ಎಂದು ಹುಡುಕಿದರೆ ನಿಂಬೆರಸಕ್ಕೆ ಅಡುಗೆ ಸೋಡಾ ಬೆರೆಸಿ ಉಜ್ಜುವ ವಿಡಿಯೊಗಳು ಬರುತ್ತವೆ. ಅದೇ ಮಗು ‘ದಂತ ಫ್ಲೋರೋಸಿಸ್’ (ಹೆಚ್ಚು ಫ್ಲೋರೈಡ್‌ನಿಂದ ಹಲ್ಲಿಗೆ ಆಗುವ ತೊಂದರೆ) ಎಂದು ಹುಡುಕಿದರೆ ಈ ಕಲೆ ಹಲ್ಲಿನ ಮೇಲೆ ಅಂಟಿದ ಕೊಳೆಯಲ್ಲ, ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್ ಬೆಳೆಯುವಾಗಲೇ ಅದರೊಳಗೆ ಆದ ದೋಷ ಎಂಬುದು ತಿಳಿಯುತ್ತದೆ. ನಿಂಬೆಯ ಆಮ್ಲ ಆ ಎನಾಮೆಲನ್ನೇ ಸವೆಸುತ್ತದೆ. ಇಬ್ಬರು ಮಕ್ಕಳಿಗೆ ಈ ಎರಡು ಪದಗಳನ್ನು ಬೇರೆ ಬೇರೆ ಕೊಟ್ಟು, ಬಂದ ಉತ್ತರಗಳನ್ನು ಕಪ್ಪುಹಲಗೆಯ ಮೇಲೆ ಅಕ್ಕಪಕ್ಕ ಬರೆಸಿ. ಹುಡುಕುವ ಪದವೇ ಅರ್ಧ ಉತ್ತರವನ್ನು ತೀರ್ಮಾನಿಸುತ್ತದೆ ಎಂಬುದು ಅಲ್ಲೇ ಕಾಣುತ್ತದೆ. ವಿಡಿಯೊದ ಕೊನೆಯಲ್ಲಿ ಹಲ್ಲುಪುಡಿಯ ಮಾರಾಟ ಇದೆಯೇ ಎಂದೂ ನೋಡಿಸಿ. ಇದ್ದರೆ ಹೆಚ್ಚು ವಿವರಿಸಬೇಕಾಗಿಲ್ಲ.

ಎರಡನೆಯದು, ಪರೀಕ್ಷಿಸಬಹುದಾದ ಮಾತನ್ನು ಪರೀಕ್ಷಿಸಿಯೇ ನೋಡುವುದು. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ, ಶುಚಿಯಾದ ಪಾತ್ರೆಯಲ್ಲಿ ಎರಡು ಲೋಟ ನೀರಿಗೆ ಚಿಟಿಕೆ ಉಪ್ಪು ಹಾಕಿ, ಅರ್ಧಕ್ಕೆ ಇಳಿಯುವವರೆಗೆ ಕುದಿಸಿ, ಆರಿದ ಮೇಲೆ ಮಕ್ಕಳಿಗೆ ರುಚಿ ತೋರಿಸಿ. ನೀರು ಆವಿಯಾಯಿತು, ಉಪ್ಪು ಉಳಿಯಿತು, ರುಚಿ ಇನ್ನಷ್ಟು ಉಪ್ಪಾಯಿತು. ಕರಗಿದ ಫ್ಲೋರೈಡ್ ಕೂಡ ಹೀಗೆಯೇ ಉಳಿದು ಗಾಢವಾಗುತ್ತದೆ. ಕುದಿಸುವುದರಿಂದ ರೋಗಾಣು ಸಾಯುತ್ತವೆ ಎಂಬುದು ನಿಜವಾದ್ದರಿಂದಲೇ ಈ ತಪ್ಪು ಸುಲಭವಾಗಿ ನಂಬಿಕೆಯಾಗುತ್ತದೆ.

ಇದಕ್ಕೆ ಸಮಯ ಎಲ್ಲಿದೆ ಎಂದು ಕೇಳಬಹುದು. 2020ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಶಾಲಾ ಆರೋಗ್ಯ ಕಾರ್ಯಕ್ರಮದ 11 ವಿಷಯಗಳಲ್ಲಿ ಅಂತರ್ಜಾಲದ ಸುರಕ್ಷಿತ ಬಳಕೆಯೂ ಒಂದು; ಅದರ ಅವಧಿಯನ್ನೇ ಇದಕ್ಕೆ ಬಳಸಿಕೊಳ್ಳಬಹುದು. ಪರೀಕ್ಷಿಸಲಾಗದ ಪ್ರಶ್ನೆಗಳಿಗೆ 104 ಸಹಾಯವಾಣಿಯೋ ಪ್ರಾಥಮಿಕ ಆರೋಗ್ಯ ಕೇಂದ್ರವೋ ಇದೆ.

ಮಕ್ಕಳು ಇಷ್ಟು ಕಲಿತ ಮೇಲೆ ಅವರ ಪ್ರಶ್ನೆಯೂ ಬದಲಾಗಬೇಕು. ಶಾಶ್ವತ ಹಲ್ಲುಗಳ ಎನಾಮೆಲ್ ಹೆಚ್ಚುಕಡಿಮೆ 8 ವರ್ಷದೊಳಗೆ ರೂಪುಗೊಳ್ಳುವುದರಿಂದ, ಒಂಬತ್ತನೆಯ ತರಗತಿಯ ಹುಡುಗಿ ತನ್ನ ಕಲೆಗೆ ಮದ್ದು ಹುಡುಕುವುದಕ್ಕಿಂತ, ಮನೆಯಲ್ಲಿರುವ ಮೂರು ವರ್ಷದ ತಮ್ಮ ಕುಡಿಯುವ ನೀರು ಕೊಳವೆಬಾವಿಯದೋ ಶುದ್ಧ ನೀರಿನ ಘಟಕದ್ದೋ, ಅದರಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯೊಳಗಿದೆಯೋ ಎಂದು ಪಂಚಾಯಿತಿಯಲ್ಲಿ ವಿಚಾರಿಸುವುದು ಹೆಚ್ಚು ಉಪಯುಕ್ತ.